ಕಣಜ, ಪಣತ, ಹಗೇವು

ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ 'ಕಣಜ' ಎಂಬ ಪದಕ್ಕೆ ಅರ್ಥ ಕೇಳಿದರೆ ಹೆಚ್ಚಿನ ಮಕ್ಕಳು 'ಕಚ್ಚುವ ಹುಳು' ಎನ್ನುತ್ತಿದ್ದರು. ಉತ್ತರ ತಪ್ಪೇನೂ ಅಲ್ಲ, ನಿಘಂಟಿನಲ್ಲಿ ಆ ಅರ್ಥವೂ ಇದೆ. ಆದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಮಕ್ಕಳು, ಅದರಲ್ಲಿಯೂ ಬೇಸಾಯಗಾರರ ಮನೆಯ ಮಕ್ಕಳು, ಧಾನ್ಯದ ಕಣಜವನ್ನು ಮರೆತು ಹುಳುವನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಂಡಿದ್ದಾರೆಂದರೆ ಅದಕ್ಕೆ ಕಾರಣ ಭಾಷೆಯ ಬಡತನವಲ್ಲ. ವಸ್ತುವೇ ಮನೆಯಿಂದ ಹೊರಟುಹೋಗಿದೆ. ವಸ್ತು ಹೋದ ಮೇಲೆ ಪದ ಎಷ್ಟು ದಿನ ಉಳಿದೀತು? ಈ ಬರಹದ ವಿಷಯ ಆ ವಸ್ತು, ಮತ್ತು ಅದನ್ನು ಕಟ್ಟಿಸಿದ ಭಯ. ಹಸಿವಿನ ಭಯ ಎಂದೇ ಹೇಳಬೇಕು.

ನಮ್ಮ ಸೀಮೆಯ ವಿಶೇಷವೆಂದರೆ, ಒಂದಕ್ಕೊಂದು ತಾಗಿಕೊಂಡಿರುವ ಈ ಎರಡು ತಾಲ್ಲೂಕುಗಳಲ್ಲಿಯೇ ಕಾಳು ಕೂಡಿಡುವ ಎರಡು ಬೇರೆ ಬೇರೆ ಸಂಪ್ರದಾಯಗಳು ಸಂಧಿಸುತ್ತವೆ. ಸೊರಬದ ಪಶ್ಚಿಮ ಭಾಗ, ಚಂದ್ರಗುತ್ತಿಯ ಕಡೆ, ಮಲೆನಾಡಿನ ಮಳೆ ಬೀಳುವ ನೆಲ. ಅಲ್ಲಿ ಆಷಾಢದಲ್ಲಿ ಒಂದು ಮೊಳ ಅಗೆದರೆ ನೀರು ಜಿನುಗುತ್ತದೆ. ಆದ್ದರಿಂದ ಅಲ್ಲಿನವರು ಧಾನ್ಯವನ್ನು ನೆಲದಿಂದ ಮೇಲಕ್ಕೆ ಎತ್ತಿದರು. ಶಿಕಾರಿಪುರದ ಪೂರ್ವಭಾಗ ಹಿರೇಕೆರೂರು, ಹೊನ್ನಾಳಿಗಳ ಬಯಲಿನೊಡನೆ ಬೆರೆಯುತ್ತದೆ. ಜೋಳ, ರಾಗಿ ಬೆಳೆಯುವ ಆ ಬಯಲಿನವರು ಧಾನ್ಯವನ್ನು ನೆಲದೊಳಕ್ಕೆ ಇಳಿಸಿದರು.

ಮೇಲಕ್ಕೆ ಎತ್ತುವ ಬಗೆಯಲ್ಲಿ ಎರಡು ಮುಖ್ಯ. ಬಿದಿರಿನ ಸೀಳುಗಳಿಂದ ಆಳೆತ್ತರದ ದೊಡ್ಡ ಬುಟ್ಟಿಯಂತೆ ಹೆಣೆದು, ಒಳಗೂ ಹೊರಗೂ ಸಗಣಿ ಮತ್ತು ಕೆಮ್ಮಣ್ಣು ಮೆತ್ತಿ, ಕಲ್ಲು ಅಥವಾ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದರೆ ಅದು ಕಣಜ. ತುಂಬುವುದು ಮೇಲಿನಿಂದ, ತೆಗೆಯುವುದು ಬುಡದ ಸಣ್ಣ ಕಿಂಡಿಯಿಂದ. ಈ ಕಿಂಡಿಯ ಜಾಣತನವನ್ನು ಗಮನಿಸಬೇಕು. ಹಳೆಯ ಭತ್ತವೇ ಮೊದಲು ಹೊರಬರುತ್ತದೆ, ಹೊಸದು ಮೇಲೆ ಉಳಿಯುತ್ತದೆ. ಪಣತವೆಂದರೆ ಮನೆಯೊಳಗೇ ದಪ್ಪ ಹಲಗೆಗಳಿಂದ ಕಟ್ಟಿದ ಕೋಣೆ. ಮುಂಭಾಗದ ಹಲಗೆಗಳು ಕಂಬಗಳ ಗಾಡಿಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಭತ್ತ ಇಳಿದಂತೆ ಒಂದೊಂದೇ ಹಲಗೆಯನ್ನು ತೆಗೆಯುತ್ತ ಹೋಗುವುದು. ಮನೆಯ ಹಿರಿಯರಿಗೆ ಎಷ್ಟು ಹಲಗೆ ಉಳಿದಿದೆ ಎಂಬುದೇ ಪಂಚಾಂಗ. ಶ್ರಾವಣಕ್ಕೆ ಇಷ್ಟು ಹಲಗೆ ಇರಬೇಕು, ದೀಪಾವಳಿಗೆ ಇಷ್ಟು ಎಂಬ ಲೆಕ್ಕ ಬಾಯಲ್ಲೇ ಇರುತ್ತಿತ್ತು. ಬೀಜದ ಭತ್ತದ ದಾರಿ ಬೇರೆ. ಅದನ್ನು ಹುಲ್ಲಿನ ಹಗ್ಗ ಸುತ್ತಿ ಮುಡಿ ಕಟ್ಟಿ ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ ಇಡುತ್ತಿದ್ದರು. ತರಕಾರಿ ಬೀಜಗಳು ಬೂದಿಯೊಡನೆ ಒಣಗಿದ ಸೋರೆಬುರುಡೆಯೊಳಗೆ. ಎಂಥ ಕಷ್ಟದಲ್ಲಿಯೂ ಬೀಜಕ್ಕೆ ಕೈ ಹಾಕಬಾರದು ಎಂಬ ಕಟ್ಟಳೆಯಿತ್ತು. ಬೀಜವನ್ನೂ ತಿಂದವರಿಗೆ ಮುಂದಿನ ವರ್ಷವಿಲ್ಲ.

ನೆಲಕ್ಕೆ ಇಳಿಸುವ ಬಗೆಯೇ ಹಗೇವು. ನೀರು ನಿಲ್ಲದ, ಗಟ್ಟಿಮಣ್ಣಿನ ಜಾಗವನ್ನು ಹುಡುಕಿ, ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಹೋದಂತೆ ಅಗಲವಾಗುವ ಹೊಟ್ಟೆ ಬರುವಂತೆ ತೋಡುವುದು. ಒಳಗೆ ಬೆಂಕಿ ಹಾಕಿ ಗೋಡೆಯ ಪಸೆ ಆರಿಸಿ, ಸುತ್ತ ಒಣಹುಲ್ಲು ಒತ್ತಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ಹೀಗೆ ವರ್ಷಗಟ್ಟಲೆ ಇಡುವ ಪದ್ಧತಿಯನ್ನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಬನವಾಸಿಯಿಂದ ಚಂದ್ರಗುತ್ತಿ, ಕೆಳದಿ, ಇಕ್ಕೇರಿಗಳ ದಾರಿಯಲ್ಲಿ ನಮ್ಮ ಸೀಮೆಗೂ ಬಂದು ಹೋದವನು ಅವನು.

ಹಗೇವಿನಲ್ಲಿ ಕಾಳು ಏಕೆ ಕೆಡುವುದಿಲ್ಲ? ಮುಚ್ಚಿದ ಗುಂಡಿಯೊಳಗೆ ಕಾಳೂ ಉಸಿರಾಡುತ್ತದೆ, ಅದರಲ್ಲಿರುವ ಹುಳುಗಳೂ ಉಸಿರಾಡುತ್ತವೆ. ಇರುವ ಆಮ್ಲಜನಕ ಕೆಲವು ದಿನಗಳಲ್ಲಿ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಉಸಿರು ಸಿಗದೆ ಹುಳುಗಳು ಸಾಯುತ್ತವೆ. ಇದೇ ತತ್ತ್ವದ ಮೇಲೆ 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನಿನ ಅಲಸಂದೆ ಬೆಳೆಗಾರರಿಗಾಗಿ ಮೂರು ಪದರದ ಗಾಳಿಯಾಡದ ಚೀಲವನ್ನು ರೂಪಿಸಿದರು. ಈಗ ಅಂತಹ ಚೀಲಗಳು ನಮ್ಮ ದೇಶದಲ್ಲಿಯೂ ಸಿಗುತ್ತವೆ. ಹೊಸದೆಂದು ಮಾರುವ ಅದು ತತ್ತ್ವದಲ್ಲಿ ಪ್ಲಾಸ್ಟಿಕ್ಕಿನ ಹಗೇವೇ.

ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಹಗೇವಿನ ಬಾಯಿ ತೆರೆದ ಕೂಡಲೇ ಇಳಿದು ಉಸಿರುಗಟ್ಟಿ ಸತ್ತವರ, ಅವರನ್ನು ಎತ್ತಲು ಇಳಿದು ತಾವೂ ಸತ್ತವರ ಕಥೆಗಳು ಬಯಲುಸೀಮೆಯಲ್ಲಿ ಹಲವು. ಆದ್ದರಿಂದಲೇ ಬಾಯಿ ತೆರೆದು ಬಹಳ ಹೊತ್ತು ಗಾಳಿಗೆ ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುವುದು. ದೀಪ ನಂದಿದರೆ ಇಳಿಯುವಂತಿಲ್ಲ. ರಸಾಯನಶಾಸ್ತ್ರದ ಹೆಸರನ್ನೇ ಕೇಳದ ಜನ ಮಾಡುತ್ತಿದ್ದ ಪ್ರಯೋಗವಿದು.

ಹಗೇವಿಗೆ ಇನ್ನೊಂದು ಗುಣವಿತ್ತು. ಅದು ಕಣ್ಣಿಗೆ ಬೀಳುತ್ತಿರಲಿಲ್ಲ. ಮೇಲೆ ಮಣ್ಣು ಹರಡಿ ದನ ಕಟ್ಟಿದರೆ ಕೆಳಗೆ ಎಷ್ಟು ಖಂಡುಗ ಜೋಳವಿದೆಯೆಂದು ಮನೆಯವರಿಗೆ ಮಾತ್ರ ಗೊತ್ತು. ದಂಡು ಹಾದುಹೋಗುವ ದಾರಿಯಲ್ಲಿ ಬದುಕಿದವರಿಗೆ ಈ ಗುಣ ರುಚಿಗಿಂತ ದೊಡ್ಡದು. 1791ರ ಡಿಸೆಂಬರಿನಲ್ಲಿ ಪರಶುರಾಮಭಾವುವಿನ ಮರಾಠಾ ಸೈನ್ಯ ಶಿವಮೊಗ್ಗದ ಬಳಿ ಟಿಪ್ಪುವಿನ ಸೈನ್ಯವನ್ನು ಸೋಲಿಸಿ ಬಿದನೂರಿನ ಕಡೆಗೆ ಹೊರಟಿತು. ಅಂದಿನ ಸೈನ್ಯಗಳು ಊಟವನ್ನು ಹೊತ್ತು ತರುತ್ತಿದ್ದುದಕ್ಕಿಂತ ದಾರಿಯಲ್ಲಿ ಕಿತ್ತುಕೊಳ್ಳುತ್ತಿದ್ದುದೇ ಹೆಚ್ಚು. ಅದೇ 1791-92ರಲ್ಲಿ ಉತ್ತರದ ಬಯಲಿನಲ್ಲಿ 'ಡೋಗಿ ಬರ' ಬಿದ್ದಿತ್ತು. ಡೋಗಿ ಎಂದರೆ ತಲೆಬುರುಡೆ. ಸುಡುವವರು ಹೂಳುವವರು ಇಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಆ ಹೆಸರು. ಬರವೂ ದಂಡೂ ಒಟ್ಟಿಗೆ ಬಂದರೆ, ದುರ್ಭಿಕ್ಷದಲ್ಲಿ ಅಧಿಕ ಮಾಸ ಎಂಬ ಗಾದೆಯೂ ಸಣ್ಣದಾಗಿ ಕಾಣುತ್ತದೆ.

ಮನೆಯವನು ತನಗಾಗಿ ಕೂಡಿಡುವುದು ಒಂದು. ಊರಿಗಾಗಿ, ದಾರಿಹೋಕರಿಗಾಗಿ ಕೂಡಿಡುವುದು ಇನ್ನೊಂದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಅಧಿಕಾರಿಗೆ ಹೇಳಿದ ನಿಯಮ ಸ್ಪಷ್ಟವಾಗಿದೆ: ಬಂದುದರಲ್ಲಿ ಅರ್ಧವನ್ನು ಜನಪದದ ಆಪತ್ತಿಗಾಗಿ ಬೇರೆ ಇಡಬೇಕು, ಉಳಿದರ್ಧವನ್ನು ಬಳಸಬೇಕು, ಹೊಸದು ಬಂದಾಗ ಹಳೆಯದನ್ನು ತೆಗೆದು ಹೊಸದನ್ನು ಇಡಬೇಕು. ನಮ್ಮ ಕಣಜದ ಬುಡದ ಕಿಂಡಿ ಮಾಡುವುದೂ ಇದೇ ಕೆಲಸವನ್ನು. ಗೋರಖಪುರದ ಬಳಿಯ ಸೋಹಗೌರದ ತಾಮ್ರಫಲಕ, ಈಗ ಬಾಂಗ್ಲಾದೇಶದಲ್ಲಿರುವ ಮಹಾಸ್ಥಾನದ ಶಾಸನ, ಇವೆರಡೂ ಮೌರ್ಯರ ಕಾಲದ ಆಪತ್ಕಾಲದ ಉಗ್ರಾಣಗಳನ್ನು ಕುರಿತವೆಂದು ವಿದ್ವಾಂಸರು ಓದಿದ್ದಾರೆ.

ಅಷ್ಟು ದೂರ ಹೋಗುವುದೇಕೆ? ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಅಲ್ಲಿಯ ಕೋಡಿಯಮಠವನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಸ್ಥಳವೆಂದು ನಾವು ಮೇಷ್ಟ್ರುಗಳು ಅದನ್ನು ಮಕ್ಕಳಿಗೆ ಹೇಳುತ್ತೇವೆ. ಪ್ರವಾಸಕ್ಕೆ ಕರೆದೊಯ್ದಾಗ ಕೇದಾರೇಶ್ವರ ದೇವಾಲಯದ ಶಿಲ್ಪವನ್ನು ತೋರಿಸುತ್ತೇವೆ. ಆದರೆ ಅದೇ ಶಾಸನ ಆ ಮಠವನ್ನು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ನಾನಾ ದೇಶದ ಭಿಕ್ಷುಕರು, ನಾನಾ ಮತದ ಸನ್ಯಾಸಿಗಳು, ಇವರಿಗೆಲ್ಲ ಸದಾ ಅನ್ನ ದೊರೆಯುವ ಸ್ಥಳ, ರೋಗಿಗಳಿಗೆ ಔಷಧ ದೊರೆಯುವ ಸ್ಥಳ ಎಂದೂ ಹೊಗಳುತ್ತದೆ. 'ಸದಾ' ಎಂಬುದನ್ನು ಒತ್ತಿ ಓದಬೇಕು. ಸುಗ್ಗಿಯಲ್ಲಿ ಅನ್ನ ಹಾಕುವುದು ಯಾರಿಗೂ ಸಾಧ್ಯ. ಶ್ರಾವಣದಲ್ಲಿಯೂ ಹಾಕಬೇಕಾದರೆ ಉಗ್ರಾಣವಿರಬೇಕು, ಉಗ್ರಾಣ ತುಂಬಲು ದತ್ತಿಯ ಗದ್ದೆಯಿರಬೇಕು, ಗದ್ದೆಗೆ ಕೆರೆಯಿರಬೇಕು. ಪಕ್ಕದ ತಾಳಗುಂದದ ಕಂಬದ ಶಾಸನ ಐದನೆಯ ಶತಮಾನದಲ್ಲಿಯೇ ಕದಂಬ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದುದನ್ನು ಹೇಳುತ್ತದೆ. ನಮ್ಮ ಸೀಮೆಯ ಅತ್ಯಂತ ಹಳೆಯ ಉಗ್ರಾಣ ಕೆರೆಯೇ ಎಂದು ನನ್ನ ಅಭಿಪ್ರಾಯ. ಕಾಳನ್ನು ಕೂಡಿಡುವ ಮೊದಲು ನೀರನ್ನು ಕೂಡಿಟ್ಟರು.

ಈ ಎಲ್ಲ ಏರ್ಪಾಡುಗಳೂ ಸೋತ ಸಂದರ್ಭವೆಂದರೆ 1876ರಿಂದ 1878ರವರೆಗಿನ ಬರ. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಳಬರು ಕರೆಯುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದುದು 1881ರಲ್ಲಿ 42 ಲಕ್ಷಕ್ಕೂ ಕೆಳಗೆ ಇಳಿಯಿತು. ಒಂದು ವರ್ಷದ ಮಳೆ ಹೋದರೆ ಹಗೇವು ಕಾಯುತ್ತದೆ. ಎರಡನೆಯ ವರ್ಷವೂ ಹೋದರೆ ಹಗೇವು ಬರಿದಾಗುತ್ತದೆ. ರೈಲು 1864ರಲ್ಲಿಯೇ ಬೆಂಗಳೂರಿಗೆ ಬಂದಿತ್ತು. ಆದರೆ ಅಲ್ಲಿ ಇಳಿದ ಧಾನ್ಯ ಒಳನಾಡಿಗೆ ಹೋಗಬೇಕಾದರೆ ಎತ್ತಿನ ಗಾಡಿ ಬೇಕು, ಗಾಡಿ ಎಳೆಯುವ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಪೂರ್ವದ ಬಯಲು ಜಿಲ್ಲೆಗಳು ಅನುಭವಿಸಿದಷ್ಟನ್ನು ಮಲೆನಾಡು ಅನುಭವಿಸಲಿಲ್ಲ. ಇಲ್ಲಿ ಕಾಡೂ ಒಂದು ಉಗ್ರಾಣವಾಗಿತ್ತು. ಬೈನೆ ಮರವನ್ನು ಕಡಿದು ತಿರುಳನ್ನು ಕುಟ್ಟಿ ಹಿಟ್ಟು ತೆಗೆಯುವುದು, ಕಾಡುಗೆಣಸು ಅಗೆಯುವುದು, ಬಿದಿರು ಹೂಬಿಟ್ಟ ವರ್ಷ ಬಿದಿರಕ್ಕಿ ಗುಡಿಸುವುದು ಬರಗಾಲದ ವಿದ್ಯೆಗಳು. 1864ರಲ್ಲಿ ಉತ್ತರ ಕನ್ನಡದ ಸೂಪಾ ಕಾಡುಗಳಲ್ಲಿ ಬಿದಿರು ಹೂಬಿಟ್ಟಾಗ ಧಾರವಾಡ, ಬೆಳಗಾವಿಗಳ ಕಡೆಯಿಂದ ಅಂದಾಜು 50,000 ಜನ ಬಂದು ಹತ್ತು ಹದಿನಾಲ್ಕು ದಿನ ತಂಗಿ ಮಳೆಗಾಲಕ್ಕೆ ಬೇಕಾದಷ್ಟು ಬೀಜ ಕೂಡಿಸಿಕೊಂಡು ಹೋದರೆಂದು ಅರಣ್ಯ ಇಲಾಖೆಯ ಹಳೆಯ ಗ್ರಂಥಗಳಲ್ಲಿದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹಳೆಯ ಕಾಲದ ತುಂಬಿದ ಕಣಜಗಳನ್ನು ನೆನೆದು ಕಣ್ಣು ತುಂಬಿಕೊಳ್ಳುವ ಬರಹಗಳು ಬಹಳ ಬರುತ್ತವೆ. ಆ ಕಣಜ ಯಾರ ಮನೆಯದು ಎಂದು ಅವು ಕೇಳುವುದಿಲ್ಲ. ಗದ್ದೆ ಉತ್ತವನ ಭತ್ತ ಗೇಣಿಯಾಗಿ ಒಡೆಯನ ಪಣತಕ್ಕೆ ಹೋಗುತ್ತಿತ್ತು. ಮಳೆಗಾಲದಲ್ಲಿ ಉತ್ತವನೇ ಅದೇ ಪಣತದ ಮುಂದೆ ನಿಂತು ಕಾಳು ಸಾಲ ಕೇಳುತ್ತಿದ್ದ, ಸುಗ್ಗಿಯಲ್ಲಿ ಬಡ್ಡಿಸಹಿತ ಅಳೆದುಕೊಡುತ್ತಿದ್ದ. ಅಳೆಯುವ ಕೊಳಗವೂ ಒಡೆಯನದೇ. 20 ಕೊಳಗಕ್ಕೆ ಒಂದು ಖಂಡುಗ. ಕೊಳಗವೇ ಸ್ವಲ್ಪ ದೊಡ್ಡದಾದರೆ ಖಂಡುಗಕ್ಕೆ ಎಷ್ಟು ಹೆಚ್ಚು ಹೋಗುತ್ತದೆಂಬುದನ್ನು ಯಾವ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲ. ಸೊರಬಕ್ಕೆ ತಾಗಿದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತಾಗ ಜಗಳದ ಮೂಲದಲ್ಲಿ ಈ ಕೊಳಗದ ಅಳತೆ ಇತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಭೂಸುಧಾರಣೆಯ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಅನೇಕ ಗೇಣಿದಾರರ ಮನೆಗಳಲ್ಲಿ ಮೊದಲ ಬಾರಿಗೆ ಸ್ವಂತದ ಕಣಜ ನಿಂತಿತು. ಅಂತಹ ಮನೆಗಳ ಮಕ್ಕಳು ನನ್ನ ತರಗತಿಗಳಲ್ಲಿ ಕುಳಿತಿದ್ದರು. ಅವರ ಅಪ್ಪಂದಿರಿಗೆ ಕಣಜ ಹಳೆಯ ಕಾಲದ ನೆನಪಾಗಿರಲಿಲ್ಲ, ಹೊಸದಾಗಿ ಬಂದ ಸ್ವಾತಂತ್ರ್ಯವಾಗಿತ್ತು.

ಕೂಡಿಟ್ಟ ಕಾಳಿನ ಮೇಲೆ ಸರ್ಕಾರದ ಕಣ್ಣೂ ಬೀಳುತ್ತದೆ. 1942ರಲ್ಲಿ ಬರ್ಮಾ ಜಪಾನಿಯರ ವಶವಾಗಿ ಅಲ್ಲಿಯ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ನಮ್ಮಲ್ಲಿ ಲೆವಿ ಬಂತು. ಮನೆಗೆ ಇಷ್ಟು ಬಿಟ್ಟು ಉಳಿದುದನ್ನು ಗೊತ್ತಾದ ದರಕ್ಕೆ ಸರ್ಕಾರಕ್ಕೆ ಅಳೆಯಬೇಕು. ಹುಲ್ಲಿನ ಬಣವೆಯೊಳಗೆ ಭತ್ತದ ಚೀಲ ಅಡಗಿಸಿದ ಕಥೆಗಳನ್ನು ನಮ್ಮ ಹಿರಿಯರು ನಗುತ್ತ ಹೇಳುತ್ತಿದ್ದರು. ಆಗ ಅದು ನಗುವ ವಿಷಯವಾಗಿರಲಿಲ್ಲವೆಂದು ಅವರ ಮುಖದಲ್ಲಿ ಗೊತ್ತಾಗುತ್ತಿತ್ತು.

ಶಿಕಾರಿಪುರ ತಾಲ್ಲೂಕಿನ ಈಸೂರಿನ ಕಥೆ ಎಲ್ಲರಿಗೂ ತಿಳಿದದ್ದು. 1942ರ ಸೆಪ್ಟೆಂಬರಿನಲ್ಲಿ ಊರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಆ ತಿಂಗಳ 28ರ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಘರ್ಷಣೆಯ ಮರುದಿನಗಳಲ್ಲಿ ಊರಿನ ಜನ ಮನೆ ಬಿಟ್ಟು ಕಾಡು ಸೇರಿದ್ದರು, ಬಿಟ್ಟ ಮನೆಗಳು ಲೂಟಿಯಾದವು. ಪಣತವನ್ನು ಹೊತ್ತುಕೊಂಡು ಓಡಲು ಬರುವುದಿಲ್ಲ. ಆಪತ್ಕಾಲಕ್ಕೆಂದು ಕೂಡಿಡುವವರು ಮನೆಯಲ್ಲಿಯೇ ಇರುತ್ತೇವೆಂಬ ನಂಬಿಕೆಯಿಂದ ಕೂಡಿಡುತ್ತಾರೆ. ನೆರೆ ಬಂದಾಗಲೂ ಆ ನಂಬಿಕೆ ಸುಳ್ಳಾಗುತ್ತದೆ. 2019ರ ಆಗಸ್ಟಿನಲ್ಲಿ ವರದಾ ನದಿಯ ದಡದವರು ಅದನ್ನು ಕಂಡರು.

ಬರ, ದಂಡು, ಲೆವಿ ಇವೆಲ್ಲ ಎಂದೋ ಒಮ್ಮೆ ಬರುವ ಆಪತ್ತುಗಳು. ಮಲೆನಾಡಿಗೆ ವರ್ಷ ವರ್ಷವೂ ತಪ್ಪದೆ ಬರುವ ಆಪತ್ತು ಮಳೆಗಾಲ. ಆರಿದ್ರೆಯಿಂದ ಆಶ್ಲೇಷದವರೆಗೆ ಹಳ್ಳಗಳು ಉಕ್ಕಿ, ಸಂಕಗಳು ಕೊಚ್ಚಿಹೋಗಿ, ಸಂತೆಗೆ ಹೋಗುವ ದಾರಿಯೇ ಇರುತ್ತಿರಲಿಲ್ಲ. ಆ ದಿನಗಳಿಗಾಗಿ ಚೈತ್ರ ವೈಶಾಖಗಳಲ್ಲಿ ನಡೆಯುತ್ತಿದ್ದ ಸಿದ್ಧತೆಯನ್ನು ಸೊರಬದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಕಂಡಿದ್ದೇನೆ. ಇದು ಪೂರ್ತಿಯಾಗಿ ಹೆಂಗಸರ ಕೈಯ ವಿದ್ಯೆ. ಶಾಸನ ಬರೆಸಿದವರು ಯಾರೂ ಇದನ್ನು ಬರೆಸಿಲ್ಲ.

ಮೊದಲು ಅಪ್ಪೆಮಿಡಿ. ಹೊಳೆಯ ದಂಡೆಯ ಮರಗಳಿಂದ ತೊಟ್ಟು ಮುರಿಯದಂತೆ, ನೆಲಕ್ಕೆ ಬೀಳದಂತೆ ಕೊಯ್ಯಬೇಕು. ಪೆಟ್ಟು ಬಿದ್ದ ಒಂದು ಮಿಡಿ ಇಡೀ ಜಾಡಿಯನ್ನು ಕೆಡಿಸುತ್ತದೆ. ಕಲ್ಲುಪ್ಪಿನೊಡನೆ ಪದರ ಪದರವಾಗಿ ಹಾಕಿ ಮೇಲೆ ಭಾರ ಹೇರಿದರೆ ಮಿಡಿ ನೀರು ಬಿಟ್ಟು ಚಿರುಟುತ್ತದೆ. ಉಪ್ಪು ನೀರನ್ನು ಎಳೆದುಕೊಂಡ ಮೇಲೆ ಕೆಡಿಸುವ ಜೀವಾಣುಗಳಿಗೆ ಬದುಕಲು ಪಸೆಯಿಲ್ಲ. ಆಮೇಲೆ ಸಾಸಿವೆ, ಮೆಣಸಿನ ಖಾರ. ಒದ್ದೆ ಸೌಟು ತಾಗಿಸಿದವರಿಗೆ ಬೈಗುಳ ತಪ್ಪದು. ಉಪ್ಪಿನ ಮಿಡಿ ಎರಡು ಮೂರು ವರ್ಷವೂ ಇರುತ್ತಿತ್ತು. ನಂತರ ಹಲಸು: ಬೇಳೆ ಕುಟ್ಟಿ ಹಪ್ಪಳ, ಬೀಜಕ್ಕೆ ಕೆಮ್ಮಣ್ಣು ಹಚ್ಚಿ ಮೂಲೆಯಲ್ಲಿ ರಾಶಿ. ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ ಬಾಳಕದ ಮೆಣಸು, ಮುರುಗಲ ಸಿಪ್ಪೆ, ವಾಟೆಹುಳಿ, ಉಪ್ಪು ಬೆರೆಸಿ ಉಂಡೆ ಕಟ್ಟಿದ ಹುಣಸೆ. ಕೊಡಗಳಲ್ಲಿ ಜೋನಿಬೆಲ್ಲ. ಮೊಗೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಒಂದಕ್ಕೊಂದು ತಾಗದಂತೆ ಅಟ್ಟದ ತೊಲೆಗೆ ನೇತುಹಾಕುವುದು. ನೆಲಕ್ಕಿಟ್ಟರೆ ಕೊಳೆಯುವ ಕಾಯಿ ಗಾಳಿಗೆ ನೇತಾಡಿದರೆ ದೀಪಾವಳಿಯವರೆಗೆ ಬರುತ್ತದೆ. ಉಪ್ಪಿಗೆ ಮರದ ಮರಿಗೆ, ಅದೂ ಒಲೆಯ ಹತ್ತಿರ, ಇಲ್ಲವಾದರೆ ಮಳೆಗಾಲದಲ್ಲಿ ಉಪ್ಪೆಲ್ಲ ನೀರಾಗಿ ಹರಿದುಹೋಗುತ್ತದೆ. ಮೀನು ತಿನ್ನುವ ಮನೆಗಳಲ್ಲಿ ಘಟ್ಟದ ಕೆಳಗಿನಿಂದ ಬಂದ ಒಣಮೀನು. ತೊಗರಿಗೆ ಕೆಮ್ಮಣ್ಣು, ಹೆಸರಿಗೆ ಔಡಲೆಣ್ಣೆ, ಭತ್ತದ ನಡುವೆ ಲಕ್ಕಿಸೊಪ್ಪು. ಕಾಳು ಒಣಗಿದೆಯೇ ಎಂದು ನೋಡಲು ಅಜ್ಜಿ ಒಂದನ್ನು ಹಲ್ಲಿಗಿಟ್ಟು ಕಡಿಯುತ್ತಿದ್ದಳು. ಕಟಕ್ಕೆನ್ನಬೇಕು. ಇಂದಿನ ಯಂತ್ರ ಭತ್ತದ ತೇವಾಂಶ ಶೇಕಡಾ 14ಕ್ಕಿಂತ ಕೆಳಗಿದೆಯೇ ಎಂದು ಪರೀಕ್ಷಿಸುವುದೂ ಇದನ್ನೇ.

ನಾನು ಪ್ರಾಥಮಿಕ ಶಾಲೆಗೆ ಸೇರುವ ವೇಳೆಗೆ ಉಗ್ರಾಣ ಮನೆಯಿಂದ ದೇಶಕ್ಕೆ ಹೋಗಿತ್ತು. 1965-66ರ ಸತತ ಬರದಲ್ಲಿ ಪಿ.ಎಲ್. 480ರ ಅಮೆರಿಕದ ಗೋಧಿ ಹಡಗುಗಳಲ್ಲಿ ಬಂತು. ಶಾಲೆಯಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ಮತ್ತು ಹಾಲಿನ ಪುಡಿಯ ರುಚಿ ನಮ್ಮ ವಯಸ್ಸಿನವರಿಗೆ ನೆನಪಿರಬೇಕು. 1965ರಲ್ಲಿ ಕೆಲಸ ಆರಂಭಿಸಿದ ಭಾರತ ಆಹಾರ ನಿಗಮ, ಹಸಿರು ಕ್ರಾಂತಿ, ನ್ಯಾಯಬೆಲೆ ಅಂಗಡಿ, 2013ರ ಅನ್ನಭಾಗ್ಯ, ಇವುಗಳಿಂದಾಗಿ ಹಸಿದು ಸಾಯುವ ಭಯ ನಮ್ಮ ಹಳ್ಳಿಗಳಿಂದ ದೂರವಾಯಿತು. ಒಡೆಯನ ಪಣತದ ಮುಂದೆ ನಿಲ್ಲುವುದಕ್ಕಿಂತ ಪಡಿತರ ಅಂಗಡಿಯ ಸಾಲಿನಲ್ಲಿ ನಿಲ್ಲುವುದು ಎಷ್ಟೋ ಮೇಲು. ಈ ಬಗ್ಗೆ ನನಗೆ ಎರಡು ಮಾತಿಲ್ಲ.

ಆದರೆ ಈ ನಡುವೆ ಗದ್ದೆಗಳೂ ಬದಲಾದವು. ಶಿಕಾರಿಪುರದ ಹೊಲಗಳಿಗೆ ಮೆಕ್ಕೆಜೋಳ ಬಂತು, ಸೊರಬದ ಗದ್ದೆಗಳಿಗೆ ಶುಂಠಿ ಮತ್ತು ಅಡಿಕೆ ಬಂದವು. ಅಡಿಕೆಗೆ ಬೆಲೆಯಿದೆ, ಬೆಳೆಯುವವರನ್ನು ದೂರುವಂತಿಲ್ಲ. ಅಡಿಕೆಯನ್ನು ಕೂಡಿಟ್ಟರೆ ಹಣವಾದೀತು, ಅನ್ನವಾಗದು. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಹತ್ತು ಎಕರೆಯ ರೈತನೂ ಅಕ್ಕಿಗಾಗಿ ಅಂಗಡಿಯ ಬಾಗಿಲು ಕಾದುದನ್ನು ನೋಡಿದೆ. ಆಗ ದೇಶದ ಗೋದಾಮುಗಳು ತುಂಬಿದ್ದವು, ಪಡಿತರ ಬಂತು, ಯಾರೂ ಉಪವಾಸ ಬೀಳಲಿಲ್ಲ. ಎರಡು ಪೀಳಿಗೆಗಳ ಹಿಂದೆ ಅದೇ ಮನೆಯ ಪಣತದಲ್ಲಿ ಒಂದು ವರ್ಷದ ಅನ್ನವಿತ್ತು ಎಂಬುದೂ ನಿಜ.

ಕಾಳನ್ನು ಕೂಡಿಡುವವರು ಈಗಲೂ ಇದ್ದಾರೆ, ಆದರೆ ವಿದ್ಯೆ ಮರೆತುಹೋಗಿದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಮೆಕ್ಕೆಜೋಳ ಅಕಾಲದ ಮಳೆಗೆ ನೆನೆದರೆ, ಅರ್ಧ ಒಣಗಿದ ಕಾಳನ್ನೇ ಚೀಲಕ್ಕೆ ತುಂಬುತ್ತಾರೆ. ಬೂಸ್ಟು ಹಿಡಿದ ಕಾಳನ್ನು ತೊಳೆದರೂ ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ. 1995ರಲ್ಲಿ ದಕ್ಷಿಣ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳ ತಿಂದು ಜನ ಹೊಟ್ಟೆನೋವು, ಭೇದಿಗಳಿಂದ ನರಳಿದರು. ಹುಳು ಬಂದರೆ ಮಲಗುವ ಕೋಣೆಯಲ್ಲಿಯೇ ಇಟ್ಟ ಚೀಲಗಳ ನಡುವೆ 'ಮಾತ್ರೆ' ಹಾಕುತ್ತಾರೆ. ಅಲ್ಯೂಮಿನಿಯಂ ಫಾಸ್ಫೈಡಿನ ಆ ಮಾತ್ರೆ ಬಿಡುವ ಫಾಸ್ಫೀನ್ ಅನಿಲ ಮಲಗಿದವರನ್ನು ಕೊಲ್ಲಬಲ್ಲದು; ಜನ ವಾಸಿಸುವ ಮನೆಯೊಳಗೆ ಅದನ್ನು ಬಳಸಲೇಬಾರದು. ಹಗೇವಿಗೆ ದೀಪ ಇಳಿಸಿ ನೋಡುತ್ತಿದ್ದವರ ಮೊಮ್ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಟ್ಟಂತಿಲ್ಲ.

ಪಣತದ ಹಲಗೆಗಳಿಗೆ ಈಗ ಒಳ್ಳೆಯ ಬೆಲೆಯಿದೆ. ಹಳೆಯ ಮರದ ವ್ಯಾಪಾರಿಗಳು ಹಳ್ಳಿಗಳಿಗೆ ಬಂದು ಕೊಂಡೊಯ್ಯುತ್ತಾರೆ. ರೆಸಾರ್ಟುಗಳ ಬಾಗಿಲಿಗೂ ಊಟದ ಮೇಜಿಗೂ ಅವು ಚೆನ್ನಾಗಿ ಒಪ್ಪುತ್ತವಂತೆ. ಅಪ್ಪೆಮಿಡಿ ಮಾತ್ರ ತನ್ನ ಜಾಡಿಯನ್ನು ಬಿಟ್ಟಿಲ್ಲ. ಬೇಸಿಗೆ ಬಂತೆಂದರೆ ಪೇಟೆಗಳಲ್ಲಿ ಮಿಡಿ ನೂರರ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಬೆಂಗಳೂರಿನಲ್ಲಿರುವ ಮಕ್ಕಳಿಗೂ ಒಂದೊಂದು ಡಬ್ಬಿ ಬಸ್ಸಿನಲ್ಲಿ ಹೋಗುತ್ತದೆ.